ಯಶವಂತಪುರದ ಗಾಳಿ, ಆರ್.ಟಿ. ನಗರದ ತಬಲಾ, ಒಂದು ಕರೀ ಕಾರ್ಡು!

ಯಶವಂತಪುರ ಅಂದ್ರೆ ನಿಮಗೆ ಏನು ನೆನಪಾಗುತ್ತೆ ಹೇಳಿ ನೋಡೋಣ! ರೈಲು, ಆರ್‌ಎಂಸಿ ಯಾರ್ಡಿನ ಈರುಳ್ಳಿ ಮೂಟೆ, ಗಾಳಿ ತಿರುಗಿದಾಗ ಮೂಗಿಗೆ ಬರುವ ಗಂಧದ ಸೋಪಿನ ಘಮ... ಆದರೆ ನಮ್ಮಂಥ ಅಭಿಮಾನಿಗಳಿಗೆ ಆ ಕಡೆ ಹೊರಟರೆ ಮೊದಲು ನೆನಪಾಗೋದು ಕಂಠೀರವ ಸ್ಟುಡಿಯೋ. 2006ರಲ್ಲಿ ಅಣ್ಣಾವ್ರು, 2017ರಲ್ಲಿ ಪಾರ್ವತಮ್ಮನವರು, 2021ರಲ್ಲಿ ಅಪ್ಪು. ಮೂವರೂ ಅಲ್ಲೇ ಮಲಗಿದ್ದಾರೆ. ಮಾರ್ಚ್ 17, ಏಪ್ರಿಲ್ 24 ಬಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ!

ಆ ಎರಡು ದಿನಕ್ಕೆ ಮುಂಚೆ ನಮ್ಮ ಗೆಳೆಯರ ಗುಂಪಿಗೆ ಕಾರ್ಡು ಮಾಡುವ ಹುಚ್ಚು ಹಿಡಿಯುತ್ತೆ. ಅಂಗಡಿ ಕಾರ್ಡಲ್ಲ ಸ್ವಾಮಿ, ಕೈಯಾರೆ ಮಾಡಿದ್ದು. ಅದರಲ್ಲೂ ಸಂಗೀತದ ಕಾರ್ಡು! ಕರೀ ಚಾರ್ಟ್ ಪೇಪರನ್ನು ಗ್ರಾಮಫೋನ್ ಪ್ಲೇಟಿನ ಹಾಗೆ ದುಂಡಗೆ ಕತ್ತರಿಸಿ, ನಡುವೆ ಸಿನಿಮಾ ಹೆಸರು ಬರೆಯೋದು ಎಲ್ಲರಿಗೂ ಗೊತ್ತಿರೋ ವಿದ್ಯೆ. 'ಸಂಪತ್ತಿಗೆ ಸವಾಲ್' (1974) ಹೆಸರು ಬರೆದರೆ ಒಂದು ಲೆಕ್ಕ, ರಾಷ್ಟ್ರಪ್ರಶಸ್ತಿ ತಂದ 'ಜೀವನ ಚೈತ್ರ' (1992) ಬರೆದರೆ ಇನ್ನೊಂದು ಲೆಕ್ಕ. ನಾನಂತೂ ಪಿ.ಬಿ. ಶ್ರೀನಿವಾಸ್ ಅವರ ಪಕ್ಷ. ಆ ಪುಣ್ಯಾತ್ಮರ ಜೇಬಿನಲ್ಲಿ ಸದಾ ಬಣ್ಣಬಣ್ಣದ ಪೆನ್ನುಗಳ ಸಾಲು! ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಬರೀತಿದ್ದರು. ಕಾರ್ಡಿಗೆ ನಾಲ್ಕು ಬಣ್ಣದ ಇಂಕು ಹಾಕುವಾಗೆಲ್ಲ ನನಗೆ ಅವರದೇ ನೆನಪು.

ಇನ್ನು ಹಾಡುವ ಕಾರ್ಡು! ಬಿಚ್ಚಿದರೆ ಕಿಣಿಕಿಣಿ ಅನ್ನುತ್ತಲ್ಲ, ಅದರ ಗುಟ್ಟು ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಯುಎಂ66 ಅಂತ ಮೂರು ಕಾಲಿನ ಪುಟ್ಟ ಚಿಪ್ಪು. ಕಡಲೆಬೀಜದಷ್ಟೂ ಇಲ್ಲ, ಹೊಟ್ಟೆಯಲ್ಲಿ 64 ಸ್ವರ! ಒಂದು ಗುಂಡಿ ಸೆಲ್ಲು, ಒಂದು ತೆಳು ಹಿತ್ತಾಳೆ ಬಿಲ್ಲೆ, ಎರಡು ತಂತಿ. ಕಾರ್ಡಿನ ಮಡಿಕೆಯಲ್ಲಿ ಒಂದು ಕಾಗದದ ನಾಲಗೆ ಸಿಕ್ಕಿಸಿ ಸೆಲ್ಲನ್ನು ತಡೆದಿಡಬೇಕು. ಕಾರ್ಡು ಬಿಚ್ಚಿದಾಗ ನಾಲಗೆ ಸರಿಯುತ್ತೆ, ಹಾಡು ಶುರು! ಸೆಲ್ಲು ಸಣ್ಣಗಾದರೆ ಮಾತ್ರ ಹಾಡು ಅಳುವ ಹಾಗೆ ಕೇಳುತ್ತೆ.

ಈ ವಿದ್ಯೆಯನ್ನೆಲ್ಲ ಕಲಿತ ನನ್ನ ಗೆಳೆಯನೊಬ್ಬ ಆರ್.ಟಿ. ನಗರದಲ್ಲಿದ್ದಾನೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ತಬಲಾ ಬಾರಿಸ್ತಾನೆ. ತಬಲಾ ಕಲಿಸಿದ್ದು ಅವರಪ್ಪ. ಒಂದು ಕಾಲಕ್ಕೆ ಭಜನೆ ಮಂಡಳಿಯಲ್ಲಿ ಅವರ ಕೈ ಬಿದ್ದರೆ ಬೀದಿ ಜನ ನಿಂತು ಕೇಳ್ತಿದ್ದರಂತೆ. ಮಗನಿಗೆ ಮೊದಲ ಜೋಡಿ ತೆಗೆದುಕೊಟ್ಟಿದ್ದು ಬೋನಸ್ ದುಡ್ಡಿನಲ್ಲಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಪಕ್ಕ ಮೂವತ್ತು ವರ್ಷ ನಿಂತರು ನೋಡಿ, ಕಿವಿ ಹೋಯಿತು! ಕಿವಿ ಮೆಷಿನ್ ಇಟ್ಟರೂ ಬರೀ ಗುಂಯ್ ಅನ್ನುತ್ತಂತೆ. ಮಗ ಪಕ್ಕದ ರೂಮಿನಲ್ಲಿ ಬೆರಳು ನೋಯುವ ತನಕ ಸಾಧನೆ ಮಾಡ್ತಿದ್ದರೂ ಅಪ್ಪ ಊಟಕ್ಕೆ ಕೂತಾಗ ಕೇಳೋದು ಒಂದೇ ಪ್ರಶ್ನೆ: "ಏನೋ, ತಬಲಾ ಬಿಟ್ಟುಬಿಟ್ಯಾ?"

ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ ಬಂತು. "ಮಗಾ, ಹಾಡೋ ಕಾರ್ಡು ಕೊಟ್ಟು ಏನು ಮಾಡ್ಲಿ? ಅದೂ ಅವರಿಗೆ ಮೂಕ ಕಾರ್ಡೇ" ಅಂದ.

ನಾನು ಯಶವಂತಪುರದಿಂದ ಅವನ ಮನೆಗೆ ಹೋಗೋದು ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ಹಾದು, ಮೇಖ್ರಿ ಸರ್ಕಲ್ಲು ಸುತ್ತಿ. ದಾರಿಯುದ್ದಕ್ಕೂ ಒಬ್ಬರೇ ಹೀರೋ, ಸರ್ ಸಿ.ವಿ. ರಾಮನ್! ಟಾಟಾ ಇನ್‌ಸ್ಟಿಟ್ಯೂಟಿಗೆ ಮೊದಲ ಭಾರತೀಯ ನಿರ್ದೇಶಕರು ಅವರೇ (1933). ಮೇಖ್ರಿ ಸರ್ಕಲ್ಲಿನ ಹತ್ತಿರ 1948ರಲ್ಲಿ ಕಟ್ಟಿದ ಅವರ ಸಂಶೋಧನಾಲಯ ಇದೆ. ಬೆಳಕಿನ ವಿಷಯಕ್ಕೆ ನೊಬೆಲ್ ಬಂದಿದ್ದು ಎಲ್ಲರಿಗೂ ಗೊತ್ತು. ಮೃದಂಗ, ತಬಲಾ ಹಿಡಿದು ಕೂತಿದ್ದು ಎಷ್ಟು ಜನಕ್ಕೆ ಗೊತ್ತು? ಸಾಮಾನ್ಯ ಡೋಲಿನ ಸದ್ದಿಗೆ ಶ್ರುತಿ ನಿಲ್ಲೋದಿಲ್ಲ, ತಬಲಾಕ್ಕೆ ನಿಲ್ಲುತ್ತೆ. ಕಾರಣ ನಡುವೆ ಇರೋ ಕರಣೆ, ಆ ಕರೀ ಬಿಲ್ಲೆ. ಅದರ ಭಾರದಿಂದ ಚರ್ಮದ ಬೇರೆಬೇರೆ ಕಂಪನಗಳು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡು ಐದು ಸ್ವರಗಳಾಗ್ತವೆ. ಇದನ್ನು 1920ರಲ್ಲೇ ಹೇಳಿ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ವಿವರವಾಗಿ ಬರೆದರು. ಅವರು ಮಾಡಿದ್ದು ಬಹಳ ಸರಳ. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಬಾರಿಸೋದು! ಚರ್ಮ ಅಲುಗುವ ಕಡೆಯಿಂದ ಮರಳು ಹಾರಿ, ಅಲುಗದ ಕಡೆ ಗೆರೆಯಾಗಿ ನಿಲ್ಲುತ್ತೆ. ಅಂದ್ರೆ ನಾದ ಕಣ್ಣಿಗೆ ಕಾಣುತ್ತೆ!

ಇದನ್ನು ಹೇಳಿದ್ದೇ ತಡ, ಗೆಳೆಯ ಅಟ್ಟದಿಂದ ಹಳೇ ತಬಲಾ ಇಳಿಸಿದ. ಅದೇ, ಬೋನಸ್ ದುಡ್ಡಿನದು.

ಕೆಲಸ ಅಂದುಕೊಂಡಷ್ಟು ಸುಲಭ ಅಲ್ಲ ಗೆಳೆಯರೇ. ಮೊದಲು ಫ್ಯಾನ್ ಆರಿಸಬೇಕು. ರಂಗೋಲಿ ಪುಡಿ ತೀರ ನುಣುಪಾದರೆ ಚರ್ಮಕ್ಕೆ ಮೆತ್ತಿಕೊಳ್ಳುತ್ತೆ, ದಪ್ಪ ಆದರೆ ಹಾರಿ ಕೆಳಗೆ ಬೀಳುತ್ತೆ. ಎರಡು ಸಲ ಜರಡಿ ಹಿಡಿದೆವು. ತಬಲಾದಲ್ಲಿ 'ನಾ' ಬಾರಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನಲ್ಲಿ ಹಗುರಾಗಿ ಕೂತಿರುತ್ತೆ, ತೋರುಬೆರಳು ಅಂಚಿಗೆ ಬಡಿಯುತ್ತೆ. ಹಾಗೇ ಬೆರಳು ಮುಟ್ಟಿಸಿ ಬಾರಿಸುತ್ತಾ ಹೋದ. ರಾತ್ರಿ ಹನ್ನೊಂದಾಯಿತು. ಎಷ್ಟನೇ ಸಲವೋ ಲೆಕ್ಕವಿಲ್ಲ, ಪುಡಿ ಮೆಲ್ಲಗೆ ಸರಿದು ಬಂದು ನಟ್ಟನಡುವೆ ಒಂದು ಗೆರೆಯಾಗಿ ಕೂತಿತು! ಇಬ್ಬರೂ ಉಸಿರು ಬಿಡಲಿಲ್ಲ. ಉಸಿರು ಬಿಟ್ಟರೆ ಹಾರಿಹೋಗುತ್ತಲ್ಲ!

ಕರೀ ಕಾರ್ಡಿಗೆ ತೆಳ್ಳಗೆ ಗೋಂದು ಸವರಿ ಇಟ್ಟಿದ್ದೆವು. ನೇರ ಮೇಲಿಂದ ಇಳಿಸಿ, ಒತ್ತಿ, ನೇರ ಮೇಲಕ್ಕೆ ಎತ್ತಬೇಕು. ಸ್ವಲ್ಪ ಜಾರಿಸಿದರೂ ಕೆಟ್ಟಿತು. ಮೂರು ಕಾರ್ಡು ಹಾಳಾದ ಮೇಲೆ ನಾಲ್ಕನೆಯದು ಸರಿಬಂತು. ಒಳಗೆ ಅವನು ಬರೆದಿದ್ದು ಒಂದೇ ಸಾಲು: "ಅಪ್ಪ, ನಿನ್ನೆ ರಾತ್ರಿ ಬಾರಿಸಿದ್ದು ಇದು."

ಬೆಳಿಗ್ಗೆ ಅಪ್ಪ ಕಾರ್ಡು ಬಿಚ್ಚಿ ತಿರುಗಿಸಿ ಮುರುಗಿಸಿ ನೋಡಿದರು. "ಏನೋ ಇದು, ರಂಗೋಲಿ?" ಅಂದರು. ಮಗ ಮಾತಾಡಲಿಲ್ಲ. ಹಳೇ ತಬಲಾ ತಂದು ಮುಂದಿಟ್ಟು, ಪುಡಿ ಉದುರಿಸಿ ಬಾರಿಸಿದ. ಗೆರೆ ಮೂಡುತ್ತಾ ಬಂತು. ಅವರ ಕಣ್ಣು ಒಮ್ಮೆ ಮಗನ ಉಂಗುರದ ಬೆರಳಿಗೆ, ಒಮ್ಮೆ ಗೆರೆಗೆ. ಆಮೇಲೆ ಅವನ ಕೈ ಹಿಡಿದು ನಿಲ್ಲಿಸಿ, ಆ ಬೆರಳನ್ನು ಕೂದಲೆಳೆಯಷ್ಟು ಈಚೆಗೆ ಸರಿಸಿದರು.

"'ನಾ' ಹೀಗಲ್ವೇನೋ ಬಾರಿಸೋದು. ಈಗ ಹೊಡಿ" ಅಂದರು.

ಗೆರೆ ಇನ್ನೂ ಸಣ್ಣಗೆ, ಇನ್ನೂ ನೆಟ್ಟಗೆ ಬಂತು. ಅಪ್ಪ ಎರಡೂ ಅಂಗೈ ತಬಲಾದ ಮರಕ್ಕೆ ಒತ್ತಿಟ್ಟುಕೊಂಡು, "ನಿಲ್ಲಿಸಬೇಡ" ಅಂದರು. ನಾನು ಅಡಿಗೆಮನೆಗೆ ಹೋಗಿ ಇನ್ನಷ್ಟು ರಂಗೋಲಿ ಪುಡಿ ಕೇಳಿಕೊಂಡು ಬಂದೆ.