ದುರ್ಗಗಳ ನಡುವೆ ಬೈಸಿಕಲ್ ಪ್ರವಾಸ

ಪ್ರವಾಸವೆಂದರೆ ರೈಲಿನಲ್ಲಿಯೋ ಮೋಟಾರಿನಲ್ಲಿಯೋ ದೂರದ ಊರೊಂದನ್ನು ಮುಟ್ಟಿ, ಅಲ್ಲಿಯ ಗುಡಿಯನ್ನೋ ಜಲಪಾತವನ್ನೋ ಕಂಡು ಮನೆಗೆ ಮರಳುವುದೆಂಬ ಭಾವನೆಯು ನಮ್ಮ ಗೃಹಸ್ಥರಲ್ಲಿ ಬೇರೂರಿರುವುದು. ನಡುವಣ ಹಾದಿಯು ಹೇಗಾದರೂ ಕಳೆದುಹೋದರೆ ಸಾಕು. ಹಾದಿಯೂ ನೋಡತಕ್ಕ ವಸ್ತುವೇ ಎಂಬುದನ್ನು ಕಲಿಸಬಲ್ಲ ವಾಹನವೆಂದರೆ ಬೈಸಿಕಲ್ಲು. ಅದು ನಡಿಗೆಗಿಂತ ಬೇಗ, ಮೋಟಾರಿಗಿಂತ ನಿಧಾನ. ಹೊಲದಲ್ಲಿರುವವರನ್ನು ಮಾತನಾಡಿಸಬಹುದು, ಬೇಕಾದೆಡೆಯಲ್ಲಿ ಇಳಿಯಬಹುದು. ಸಂಸಾರಸ್ಥರಾದ ನಾವು ನಾಲ್ವರು ಗೆಳೆಯರು ಮಾರ್ಗಶಿರ ಮಾಸದ ಚಳಿಯಲ್ಲಿ ಚನ್ನರಾಯನದುರ್ಗವನ್ನು ನಡುವಿಟ್ಟುಕೊಂಡು, ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲೂಕುಗಳ ಹಾದಿಗಳಲ್ಲಿ ತಿರುಗಿ ಕಂಡುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಈ ನೆಲದ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ರಾಮನಗರದ ಕಡೆಯಿಂದ ಉತ್ತರಾಭಿಮುಖವಾಗಿ ಬಳ್ಳಾರಿಯ ಸೀಮೆಯವರೆಗೆ ಕಲ್ಲುಬೆಟ್ಟಗಳ ಸಾಲೊಂದು ಹರಿದಿದೆ. ಭೂಗರ್ಭಶಾಸ್ತ್ರಜ್ಞರು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆಯುತ್ತಾರೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂದೇ ಹೆಸರಿದ್ದಿತು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಸುತ್ತಲಿನ ಮೆದು ನೆಲವು ಸವೆದುಹೋಗಿ, ಗಟ್ಟಿಯಾದ ಬಂಡೆಗಳು ಮಾತ್ರ ಆನೆಗಳು ಮಲಗಿದಂತೆ ಬಯಲಿನ ನಡುವೆ ಉಳಿದುಕೊಂಡಿವೆ. ಒಂದೊಂದು ಬಂಡೆಯೂ ಒಂದೊಂದು ಬೆಟ್ಟ. ಬಹುಮಟ್ಟಿಗೆ ಒಂದೊಂದು ಬೆಟ್ಟವೂ ಒಂದೊಂದು ದುರ್ಗ.

ಬೈಸಿಕಲ್ಲಿನವನಿಗೆ ಇದರಿಂದ ದೊಡ್ಡ ಅನುಕೂಲ ಉಂಟು. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಸಮೀಪದಲ್ಲಿ ಮೊಂಟ್‌ಸೆನಿ ಎಂಬ ಕಾಡುಬೆಟ್ಟಗಳ ಸೀಮೆಯಿದೆ. 1978ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಜೀವಗೋಲ ಮೀಸಲು ಪ್ರದೇಶವೆಂದು ಮನ್ನಿಸಿತು. ಓಕ್, ಬೀಚ್ ಮರಗಳ ದಟ್ಟ ನೆರಳಿನಲ್ಲಿ ಸುತ್ತಿ ಸುತ್ತಿ ಏರುವ ಅಲ್ಲಿಯ ರಸ್ತೆಗಳನ್ನು ತುಳಿಯುವುದಕ್ಕೆ ದೂರದೂರದಿಂದ ಸವಾರರು ಬರುತ್ತಾರೆ. ಅಲ್ಲಿಯ ಅತ್ಯುನ್ನತ ಶಿಖರವು 1,706 ಮೀಟರು. ಅಂತಹ ಸೀಮೆಯಲ್ಲಿ ಬೆಟ್ಟಗಳು ಒಂದಕ್ಕೊಂದು ಕೈಹಿಡಿದು ನಿಂತಿರುವುದರಿಂದ ರಸ್ತೆಯು ಏರದೆ ವಿಧಿಯಿಲ್ಲ. ನಮ್ಮ ದುರ್ಗಗಳಾದರೋ ಒಂಟಿ ಒಂಟಿಯಾಗಿ ನಿಂತಿರುವುದರಿಂದ ರಸ್ತೆಯು ಅವುಗಳ ನಡುವೆ ನುಸುಳಿ ಹೋಗುವುದು. ಬೆಟ್ಟವು ಕಣ್ಣಿನಿಂದ ಮರೆಯಾಗದು. ಕಾಲಿಗೆ ಹೆಚ್ಚು ಏರೂ ಸಿಕ್ಕದು. ಇಲ್ಲಿಯ ಸವಾರನಿಗೆ ಕಷ್ಟವೆಂದರೆ ಬಿಸಿಲು ಮತ್ತು ಬಾಯಾರಿಕೆ. ಆದುದರಿಂದ ಈ ಸೀಮೆಯಲ್ಲಿ ಒಳ್ಳೆಯ ದಾರಿ ಯಾವುದೆಂದು ಕೇಳಿದರೆ, ನೆರಳೂ ನೀರೂ ಇರುವ ದಾರಿಯೇ ಒಳ್ಳೆಯ ದಾರಿ ಎಂಬುದು ನಮ್ಮ ಉತ್ತರ.

ಮೊದಲನೆಯ ದಾರಿಯು ತುಮಕೂರಿನಿಂದ ದೇವರಾಯನದುರ್ಗದ ಮೇಲೆ ಕೊರಟಗೆರೆಗೆ ಬರುವುದು. ತುಮಕೂರನ್ನು ಬೆಳಕು ಹರಿಯುವ ಹೊತ್ತಿಗೆ ಬಿಟ್ಟು, ಕ್ಯಾತ್ಸಂದ್ರದ ಪ್ರಸಿದ್ಧ ತಟ್ಟೆ ಇಡ್ಲಿಯನ್ನು ಸಂಗಡ ಕಟ್ಟಿಸಿಕೊಂಡರೆ ಬೆಳಗಿನ ಉಪಾಹಾರದ ಚಿಂತೆಯಿಲ್ಲ. ದೇವರಾಯನದುರ್ಗವು ತುಮಕೂರಿಗೆ ಸುಮಾರು 15 ಕಿಲೋಮೀಟರು. ಈ ಪ್ರವಾಸದಲ್ಲಿ ಕಾಡಿನ ತಂಪೂ ನಿಜವಾದ ಏರೂ ಒಟ್ಟಿಗೆ ದೊರೆಯುವುದು ಇಲ್ಲಿಯೇ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಬಂಡೆಯಿಂದ ಜಿನುಗುವ ನೀರನ್ನು ನೋಡಿಕೊಂಡು ಮುಂದುವರಿಯಬಹುದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದುರ್ಗಕ್ಕೆ ಈ ಹೆಸರು ಬಂದಿತು. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿಯು ಉತ್ತರಕ್ಕೆ ಹರಿದು ಆಂಧ್ರದ ನೆಲದಲ್ಲಿ ಉತ್ತರ ಪಿನಾಕಿನಿಯನ್ನು ಸೇರುವುದು. ಬೆಟ್ಟವನ್ನಿಳಿದು ಊರ್ಡಿಗೆರೆಯ ಕಡೆಯಿಂದ ಕೊರಟಗೆರೆಗೆ ಹೋಗುವಾಗ ನಮ್ಮ ಪಯಣವೂ ಜಯಮಂಗಲಿಯಂತೆ ಉತ್ತರಾಭಿಮುಖವಾಗುತ್ತದೆ. ಹಾದಿಯಲ್ಲಿ ಅಡಕೆ, ತೆಂಗಿನ ತೋಟಗಳುಂಟು.

ಎರಡನೆಯ ದಾರಿಯೇ ನಮ್ಮ ಪ್ರವಾಸದ ತಿರುಳು. ಕೊರಟಗೆರೆಯಿಂದ ಮಧುಗಿರಿಗೆ ಹೆದ್ದಾರಿಯಲ್ಲಿ ಹೋದರೆ ಸುಮಾರು 18 ಕಿಲೋಮೀಟರು. ಮೋಟಾರಿನವರಿಗೆ ಅರ್ಧ ಗಂಟೆಯ ಮಾತು. ನಾವು ಹೆದ್ದಾರಿಯನ್ನು ಬಿಟ್ಟು ಚನ್ನರಾಯನದುರ್ಗದ ಕಡೆಯ ಹಳ್ಳಿಯ ರಸ್ತೆಗೆ ತಿರುಗಿದೆವು. ಸುತ್ತಲಿನ ಜನರು ಇದನ್ನು ಸಿ. ಎನ್. ದುರ್ಗವೆಂದೇ ಕರೆಯುವರು. ಸಮುದ್ರಮಟ್ಟಕ್ಕೆ ಸುಮಾರು 3,700 ಅಡಿ ಎತ್ತರವಿರುವ ಈ ದುರ್ಗವನ್ನು ಮದ್ದಗಿರಿಯ, ಎಂದರೆ ಈಗಿನ ಮಧುಗಿರಿಯ, ಪಾಳೆಯಗಾರನಾದ ಚಿಕ್ಕಪ್ಪಗೌಡನು ಕಟ್ಟಿಸಿದನು. ಮುಂದೆ ಇದು ಮರಾಠರ ಕೈಗೂ ಮೈಸೂರಿನವರ ಕೈಗೂ ಬದಲಾಯಿತು. ಈಗ ಗೋಡೆಗಳೂ ಬಾಗಿಲುಗಳೂ ಪಾಳುಬಿದ್ದಿವೆ. ಬೈಸಿಕಲ್ಲುಗಳನ್ನು ಕೆಳಗಿನ ಊರಿನಲ್ಲಿ ಒಂದು ಮನೆಯ ಜಗಲಿಗೆ ಒರಗಿಸಿ ನಾವು ಕಾಲ್ನಡಿಗೆಯಲ್ಲಿ ಬೆಟ್ಟವನ್ನೇರಿದೆವು. ಮೇಲೆ ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುವ ದೊಣೆಗಳನ್ನು ಕಂಡಾಗ, ಹಿಂದಿನವರು ಇಂತಹ ಬೆಟ್ಟಗಳನ್ನು ಏಕೆ ಆರಿಸಿಕೊಂಡರೆಂಬುದು ಹೊಳೆಯಿತು. ಕಲ್ಲಿನ ಗೋಡೆ ಎಷ್ಟು ದಪ್ಪವಾಗಿದ್ದರೇನು, ಒಳಗೆ ನೀರಿಲ್ಲದಿದ್ದರೆ ಕೋಟೆ ಎಂಟು ದಿನ ನಿಲ್ಲದು.

ಕೆಳಗಿಳಿದಾಗ ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನಮ್ಮ ವಾಹನಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಬೆಟ್ಟ ಹತ್ತೋರು ಬತ್ತಾನೇ ಇರ್ತಾರೆ ಸ್ವಾಮಿ. ಸೈಕಲ್ ತುಳ್ಕೊಂಡು ಬೆಟ್ಟ ಸುತ್ತೋರ್ನ ಈವತ್ತೇ ನೋಡಿದ್ದು," ಎಂದರು. "ಹತ್ತು ಗಂಟೆ ಒಳಗೆ ಹುಣಸೇಮರದ ನೆಳ್ಳು ಸೇರ್ಕೊಂಬುಡಿ. ಆಮೇಲೆ ಬಂಡೆ ಕಾಯ್ತದೆ."

"ಸಂಜೆಯ ಹೊತ್ತು ಹೊರಟರೆ ಹೇಗೆ, ತಾತ?" ಎಂದು ನಮ್ಮಲ್ಲೊಬ್ಬರು ಕೇಳಿದರು.

"ಸಂಜೆ ಬ್ಯಾಡಿ. ಬಂಡೆ ಹಗಲೆಲ್ಲ ಕುಡಿದ ಬಿಸೀನ ಆಗ ಉಗುಳ್ತದೆ. ಕತ್ಲಾದ್ರೆ ಕರಡಿ ಕಾಟ ಬೇರೆ."

ವೃದ್ಧರ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಇಲ್ಲಿಂದ ಮಧುಗಿರಿಯ ಕಡೆಗೆ ಹರಡಿರುವ ತಿಮ್ಮಲಾಪುರದ ಕಾಡು ಕರಡಿಗಳ ನೆಲೆ. ಸರ್ಕಾರವು ಇದನ್ನು ವನ್ಯಜೀವಿಧಾಮವೆಂದು ಸಾರಿರುವುದು. ಮಲೆನಾಡಿನ ಕಾಡನ್ನು ಕಂಡವರಿಗೆ ಇದು ಕಾಡೆಂದೇ ತೋರಲಿಕ್ಕಿಲ್ಲ. ಕುರುಚಲು ಗಿಡ, ಮುಳ್ಳುಪೊದೆ, ನಡುನಡುವೆ ಮನೆಯಷ್ಟು ದೊಡ್ಡ ಗುಂಡುಗಳು. ಆದರೆ ಆ ಗುಂಡುಗಳ ಸಂದುಗಳೇ ಕರಡಿಯ ಗುಹೆಗಳು. ಕರಡಿಯು ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಹಣ್ಣು, ಗೆದ್ದಲು, ಜೇನುಗಳನ್ನು ಅರಸಿ ತಿರುಗುವುದು. ಬೈಸಿಕಲ್ಲು ಸದ್ದಿಲ್ಲದೆ ಬರುವುದರಿಂದ ಅದು ಬೆಚ್ಚಿಬಿದ್ದು ಮೇಲೆರಗುವ ಭಯವುಂಟು. ಆದುದರಿಂದ ಕಾಡಿನ ದಾರಿಯನ್ನು ಬಿಸಿಲೇರಿದ ಮೇಲೆ ಪ್ರವೇಶಿಸಬೇಕು, ಒಬ್ಬಂಟಿಯಾಗಿ ಹೋಗಬಾರದು, ತಿರುವಿನಲ್ಲಿ ಗಂಟೆ ಬಾರಿಸಬೇಕು.

ಮಧುಗಿರಿಯನ್ನು ಸಮೀಪಿಸುವಾಗ ಏಕಶಿಲೆಯ ಬೆಟ್ಟವು ಮುಗಿಲಿಗೆ ನಿಲ್ಲಿಸಿದ ಗೋಡೆಯಂತೆ ಎದುರಾಗುವುದು. ಸುಮಾರು 3,900 ಅಡಿ ಎತ್ತರದ ಈ ಬೆಟ್ಟದ ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳುಂಟು. ಇಲ್ಲಿ ರಾತ್ರಿ ತಂಗಿ, ಮರುದಿನ ಮೂರು ದಿಕ್ಕುಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು.

ಪೂರ್ವಕ್ಕೆ ಹೊರಟರೆ ಪುರವರದ ಮೇಲೆ ಮೈದನಹಳ್ಳಿಗೆ ಸೇರುವಿರಿ. ಬೆಟ್ಟಗಳು ಹಿಂದೆ ಸರಿದು ನೆಲವು ಹುಲ್ಲುಗಾವಲಾಗುತ್ತದೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಹೆಸರಾದ, ಕೇವಲ 798 ಎಕರೆಯ ಈ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುವುದನ್ನು ನೋಡಬಹುದು. ಸಣ್ಣ ಮಕ್ಕಳಿರುವ ಸಂಸಾರಕ್ಕೆ ಈ ಸಮತಟ್ಟಾದ ದಾರಿಯೇ ಉತ್ತಮ.

ಪಶ್ಚಿಮಕ್ಕೆ ಬಡವನಹಳ್ಳಿಯ ಮೇಲೆ ಸುಮಾರು 40 ಕಿಲೋಮೀಟರು ತುಳಿದರೆ ಶಿರಾ. 1687ರಲ್ಲಿ ಮೊಗಲರ ಕೈಸೇರಿ ಅವರ ಸುಬೆಯ ರಾಜಧಾನಿಯಾದ ಈ ಊರನ್ನು 1761ರಲ್ಲಿ ಹೈದರಾಲಿಯು ವಶಪಡಿಸಿಕೊಂಡನು. ಊರಿಗೆ ಸಮೀಪದ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರಗಳ ಮೇಲೆ ಗೂಡುಕಟ್ಟಿ ಮರಿಮಾಡುವುವು. ಗ್ರಾಮದವರು ಪಕ್ಷಿಗಳಿಗೆ ತೊಂದರೆಯಾಗದಂತೆ ಮರಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಹೆಣ್ಣುಮಕ್ಕಳು ತವರಿಗೆ ಬಂದಂತೆ ಹಕ್ಕಿಗಳು ಬಾಣಂತನಕ್ಕೆ ಬರುವ ಊರು ಇದು.

ಉತ್ತರಕ್ಕೆ ಪಾವಗಡವು ಸುಮಾರು 60 ಕಿಲೋಮೀಟರು. ನಡುವೆ ಮಿಡಿಗೇಶಿಯ ದುರ್ಗವಿದೆ. ಹಿಮ್ಮಡಿಯವರೆಗೆ ಕೇಶವುಳ್ಳ ರಾಣಿಯೊಬ್ಬಳಿಂದ ಊರಿಗೆ ಈ ಹೆಸರು ಬಂದಿತೆಂದು ಐತಿಹ್ಯ. ಪಾವಗಡ ತಾಲೂಕು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದಿರುವುದರಿಂದ ಅಂಗಡಿಯಲ್ಲಿ ನೀರು ಕೇಳಿದರೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉತ್ತರ ಬರುವುದು. ಇದು ಕಡಲೆಕಾಯಿಯ ನಾಡು, ಬರದ ನಾಡು. ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ ಸೂರ್ಯನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು ಹರಡಿವೆ. 2018ರಲ್ಲಿ ಉತ್ಪಾದನೆ ಮೊದಲಾಗಿ, 2019ರ ಕೊನೆಗೆ 2,050 ಮೆಗಾವ್ಯಾಟಿನ ಪೂರ್ಣಪ್ರಮಾಣಕ್ಕೆ ಮುಟ್ಟಿತು. ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿನಂತೆ ಮೊದಲುಗೊಂಡ ಗುತ್ತಿಗೆಯ ಮೇಲೆ ರೈತರಿಂದ ಪಡೆದಿದ್ದಾರೆ. ಸವಾರನು ಅಂಜುವ ಬಿಸಿಲೇ ಇಲ್ಲಿ ಬೆಳೆಯಾಗಿದೆ! ಈ ದಾರಿಯನ್ನು ಪಳಗಿದವರು ಮಾತ್ರ, ಅದೂ ಚಳಿಗಾಲದಲ್ಲಿ ಮಾತ್ರ, ಹಿಡಿಯತಕ್ಕದ್ದು.

ಈ ದಾರಿಗಳನ್ನೆಲ್ಲ ತುಳಿದಮೇಲೆ ನಮಗೆ ತೋರಿದುದನ್ನು ಹೇಳುತ್ತೇವೆ. ಅಗಲಮಾಡಿದ ಹೆದ್ದಾರಿಯಲ್ಲಿ ಚಕ್ರವು ನುಣ್ಣಗೆ ಉರುಳುವುದು ನಿಜ. ಆದರೆ ಮರವಿಲ್ಲದ ಆ ಅಗಲದಲ್ಲಿ ಹತ್ತು ಗಂಟೆಯ ಮೇಲೆ ಹತ್ತು ಕಿಲೋಮೀಟರು ಹೋಗುವುದೂ ದುಸ್ತರ. ಹಳ್ಳಿಯ ರಸ್ತೆಯು ಒರಟಾದರೂ ಹುಣಸೆ, ಹೊಂಗೆ, ಆಲಗಳ ನೆರಳಿನಲ್ಲಿ ಮಧ್ಯಾಹ್ನದವರೆಗೆ ಆಯಾಸ ತಿಳಿಯದು. ನೆರಳಿನ ಚಿಂತೆ ನಮ್ಮಂತಹ ವಿನೋದಯಾತ್ರಿಕರದು ಮಾತ್ರವೆಂದು ತಿಳಿಯಬಾರದು. 2006–07ರಿಂದ ಹಲವು ವರ್ಷ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಕೊಟ್ಟಿತು. ಪ್ರೌಢಶಾಲೆಯು ಪಕ್ಕದೂರಿನಲ್ಲಿದ್ದರೆ ಓದು ಬಿಡಬೇಕಾಗಿದ್ದ ಹೆಣ್ಣುಮಕ್ಕಳಿಗೆ ಅದು ಎಷ್ಟು ದೊಡ್ಡ ಆಸರೆಯೆಂಬುದನ್ನು ಹಳ್ಳಿಯ ತಾಯಂದಿರನ್ನು ಕೇಳಿದರೆ ತಿಳಿಯುವುದು. ಅಂತಹ ಮಗು ಬೇಸಿಗೆಯ ಮಧ್ಯಾಹ್ನ ಶಾಲೆಯಿಂದ ಮರಳುವ ದಾರಿ ಇದೇ. ನಮಗೆ ವರ್ಷಕ್ಕೊಮ್ಮೆಯ ಬಿಸಿಲು ಅವಳಿಗೆ ದಿನದಿನದ ಬಿಸಿಲು.

ಇದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರು ಮಾಗಡಿಯ ಕಡೆಯ ಹುಲಿಕಲ್ಲು ಕುದೂರುಗಳ ನಡುವೆ 385 ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿ ಸಾಲುಮರದ ತಿಮ್ಮಕ್ಕನೆನಿಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಒಬ್ಬ ಬಡ ಗೃಹಿಣಿಯು ಗಂಡನೊಡನೆ ಸೇರಿ ಸಾಧಿಸಿದುದನ್ನು ಒಂದು ಊರು ಸಾಧಿಸಲಾರದೆ? ಚನ್ನರಾಯನದುರ್ಗದ ಸುತ್ತಣ ಪ್ರತಿ ಹಳ್ಳಿಯೂ ತನ್ನ ಎಲ್ಲೆಯೊಳಗಿನ ರಸ್ತೆಗೆ ಮರವನ್ನೂ, ತನ್ನ ಕೆರೆಗೆ ಹೂಳೆತ್ತುವ ಕೈಗಳನ್ನೂ ಒದಗಿಸಿದರೆ, ಈ ಸೀಮೆಯ ದಾರಿಗಳು ಮೊಂಟ್‌ಸೆನಿಯ ದಾರಿಗಳಿಗೆ ಕಡಮೆಯೆನಿಸಲಾರವು.

ಹೊರಡುವವರಿಗೆ ಕೊನೆಯದಾಗಿ ಎರಡು ಮಾತು. ತಲೆಗೆ ಶಿರಸ್ತ್ರಾಣ, ತಲೆಗೆರಡು ದೊಡ್ಡ ಸೀಸೆ ನೀರು, ಪಂಕ್ಚರು ತಿದ್ದುವ ಸಾಮಾನು, ಗಾಳಿ ಹಾಕುವ ಪಂಪು ಇವು ಸಂಗಡವಿರಲಿ; ಜಾಲಿಯ ಮುಳ್ಳು ಯಾರನ್ನೂ ಬಿಡದು. ಕಾರ್ತಿಕದಿಂದ ಮಾಘದವರೆಗಿನ ಕಾಲವು ಪ್ರಶಸ್ತ. ದಿನಕ್ಕೆ 40 ಕಿಲೋಮೀಟರಿಗಿಂತ ಹೆಚ್ಚು ಆಸೆಪಡದೆ, ಮಧ್ಯಾಹ್ನ ಯಾವುದಾದರೂ ಹಳ್ಳಿಯಲ್ಲಿ ಬಿಸಿ ಮುದ್ದೆ ಉಂಡು, ಮರದಡಿಯಲ್ಲಿ ಒಂದು ನಿದ್ದೆ ತೆಗೆಯಿರಿ. ಎದ್ದಮೇಲೆ ಆ ಮರವನ್ನು ನೆಟ್ಟವರಾರೆಂದು ಊರಿನ ಹಿರಿಯರನ್ನು ವಿಚಾರಿಸಿರಿ.