ಕೊನೆಯವರು ಬರುವ ತನಕ

ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ಬರುತ್ತದೆ. ಬಯಲುಸೀಮೆಯಲ್ಲಿ ಅದು ಬಿಸಿಲು ತಲೆಯ ಮೇಲೆ ಕೂರುವ ಕಾಲ. ಶಾಲೆಗಳಿಗೆ ರಜೆ, ಹೊಲಗಳಲ್ಲಿ ಮುಂಗಾರಿನ ನಿರೀಕ್ಷೆ, ಕೆರೆಯಲ್ಲಿ ತಳ ಕಾಣುವ ನೀರು. ಇಂತಹ ದಿನದಲ್ಲಿ ಜನರನ್ನು ರಸ್ತೆಗೆ ಕರೆದು ಓಡಿರೆಂದು ಹೇಳುವುದು ವಿವೇಕವೇ ಎಂದು ಕೇಳಿದವರು ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿಯೇ ಹಲವರಿದ್ದರು. ಪ್ರಶ್ನೆ ಯೋಗ್ಯವಾದುದೇ ಆಗಿತ್ತು. 2025ರ ಏಪ್ರಿಲ್ 30ರಂದು, ಜಯಂತಿಯ ಬೆಳಗಿನಲ್ಲಿ, ಶ್ರೀಮಠದ ಮಹಾದ್ವಾರದಿಂದ ನಡೆದ 5 ಕಿಲೋಮೀಟರ್ ಓಟದ ವ್ಯವಸ್ಥೆಯನ್ನು ನೋಡಿಕೊಂಡವರಲ್ಲಿ ನಾನೂ ಒಬ್ಬನು. ಆ ಪ್ರಶ್ನೆಗೆ ನಮಗೆ ದೊರೆತ ಉತ್ತರವನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಜಯಂತಿಯೆಂದರೆ ಮೆರವಣಿಗೆ, ಉಪನ್ಯಾಸ, ದಾಸೋಹ ಎಂಬುದು ನಮಗೆ ರೂಢಿಯಾಗಿದೆ. ಆದರೆ ಈ ರೂಢಿಯೂ ಒಂದು ಕಾಲದಲ್ಲಿ ಹೊಸತೇ ಆಗಿತ್ತು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆರಂಭಿಸಿದರು. ಒಳಗಿದ್ದ ಸ್ಮರಣೆಯು ಅಂದು ಬೀದಿಗೆ ಬಂದಿತು. ಬೀದಿಗೆ ಬಂದ ಮೇಲೆ ಅದು ಬೀದಿಯಲ್ಲಿರುವ ಎಲ್ಲರದೂ ಆಗಬೇಕಲ್ಲವೆ? ಮೆರವಣಿಗೆಯನ್ನು ಬಹುಮಂದಿ ನಿಂತು ನೋಡುತ್ತಾರೆ. ಉಪನ್ಯಾಸವನ್ನು ಕುಳಿತು ಕೇಳುತ್ತಾರೆ. ನೋಡುವವರೂ ಕೇಳುವವರೂ ತಮ್ಮ ಮೈಯನ್ನು ತಾವೇ ದುಡಿಸಿ ಪಾಲುಗೊಳ್ಳುವಂತಹ ಒಂದು ಕಾರ್ಯಕ್ರಮವಿರಲಿ ಎಂಬ ಅಪೇಕ್ಷೆಯಿಂದ ಈ ಓಟದ ಯೋಚನೆ ಹುಟ್ಟಿತು. ಪೂಜ್ಯರು ಸಮ್ಮತಿಸಿದರು. ಅವರು ಹಾಕಿದ ನಿಬಂಧನೆ ಒಂದೇ: “ಯಾರಿಗೂ ಶುಲ್ಕ ಬೇಡ, ಯಾರಿಗೂ ತಡೆ ಬೇಡ.”

ಮೊದಲು ಮಾಡಿದ ಕೆಲಸ ದಾರಿಯ ಅಳತೆ. ಮಹಾದ್ವಾರದಿಂದ ಕೆರೆಯ ತೂಬಿಗೆ ಎರಡೂವರೆ ಕಿಲೋಮೀಟರ್, ಹೋಗಿ ಬಂದರೆ ಐದು ಎಂಬುದು ಊರಿನವರೆಲ್ಲರ ಬಾಯಿಲೆಕ್ಕ. ವಿದ್ಯಾರ್ಥಿನಿಲಯದ ನಾವೂ ಬಾಲ್ಯದಲ್ಲಿ ಹಾಗೆಯೇ ನಂಬಿ, ಬರಿಗಾಲಿನಲ್ಲಿ ಅಲ್ಲಿಗೆ ಓಡಿ ಈಜಿ ಬಂದವರು. ಆದರೆ ಓಟದ ದಾರಿಯನ್ನು ಬಾಯಿಲೆಕ್ಕದಿಂದ ಗೊತ್ತುಮಾಡಲಾಗದು. ಜಗತ್ತಿನ ದೊಡ್ಡ ಓಟಗಳ ದಾರಿಯನ್ನು ಇಂದಿಗೂ ಸೈಕಲ್ಲಿನಿಂದಲೇ ಅಳೆಯುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಚಕ್ರದ ಸುತ್ತುಗಳನ್ನು ಮೊದಲು ಎಣಿಸಿಕೊಂಡು, ಅನಂತರ ಓಟಗಾರನು ತುಳಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಮಾತ್ರ ಬಿಟ್ಟು, ಸೈಕಲ್ಲನ್ನು ನಡೆಸುತ್ತಾರೆ. ಕಡಮೆ ಬೀಳದಿರಲೆಂದು ಕಿಲೋಮೀಟರಿಗೆ 1 ಮೀಟರಿನಂತೆ ಹೆಚ್ಚಾಗಿ ಕೂಡಿಸುತ್ತಾರೆ. ಈ ಪದ್ಧತಿಯನ್ನೇ ಅನುಸರಿಸಿ, ಚಕ್ರದ ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ನಿಲಯದ ಇಬ್ಬರು ಹುಡುಗರೊಡನೆ ನಾನು ಎಣಿಸಿದೆನು. ಹೋಗುವ ದಾರಿಗೆ 1140 ಸುತ್ತು ಬೇಕಾಗಿತ್ತು. ತೂಬು 1040ಕ್ಕೇ ಬಂದುಬಿಟ್ಟಿತು.

ಒಬ್ಬ ಸದಸ್ಯರು, “ಇನ್ನೂರು ಚಿಲ್ಲರೆ ಮೀಟರಿನಲ್ಲಿ ಏನಾಗುತ್ತದೆ? ಬಿಡಿ ಮೇಷ್ಟ್ರೇ, ಯಾರು ಅಳೆದು ನೋಡುತ್ತಾರೆ?” ಎಂದರು. ಯಾರೂ ಅಳೆದು ನೋಡುವುದಿಲ್ಲವೆಂಬುದು ನಿಜ. ಆದರೆ ಹದಿನಾಲ್ಕು ವರ್ಷದ ಒಬ್ಬ ಹುಡುಗಿ ತಾನು ಐದು ಕಿಲೋಮೀಟರ್ ಓಡಿದೆನೆಂದು ಮನೆಗೆ ಹೋಗಿ ಹೇಳುವಳು. ಆ ಮಾತು ಸುಳ್ಳಾಗುವಂತೆ ಮಾಡುವ ಅಧಿಕಾರ ನಮಗಿಲ್ಲ. ಅಳತೆಯಲ್ಲಿ ಕಡಮೆ ಕೊಡುವುದು ಅಂಗಡಿಯಲ್ಲಿ ಹೇಗೆ ದೋಷವೋ ರಸ್ತೆಯಲ್ಲಿಯೂ ಹಾಗೆಯೇ. ತಿರುಗುವ ಗುರುತನ್ನು ತೂಬಿನಾಚೆಯ ಹೊಂಗೆಯ ಮರದ ಬುಡಕ್ಕೆ ಸರಿಸಿದೆವು. ಅಲ್ಲಿ ನೆರಳೂ ಇತ್ತು. ನೀರು ಕೊಡುವ ಹುಡುಗರಿಗೆ ಅದರಿಂದ ಅನುಕೂಲವೇ ಆಯಿತು.

ಎರಡನೆಯ ಕೆಲಸ ಬಿಸಿಲಿನ ವಿಚಾರ. ನಮ್ಮ ಮಠದಲ್ಲಿಯೇ ಓದಿ ವೈದ್ಯರಾದವರೊಬ್ಬರು ಇದನ್ನು ನಮಗೆಲ್ಲ ವಿವರಿಸಿ ಹೇಳಿದರು. ಓಡುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಮಾರ್ಪಡುತ್ತದೆ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಹೊರಗಿನ ಬಿಸಿಲೂ ಒಳಗಿನ ಬಿಸಿಯೂ ಕೂಡಿ, ಒಳಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ, ಮಾತು ತೊದಲಿ ತಿಳಿವು ಕಲಕಿತೆಂದರೆ ಪ್ರಾಣಕ್ಕೆ ಅಪಾಯ. ಆಗ ಮೊದಲು ತಣ್ಣೀರು ಸುರಿದು ಮೈಯನ್ನು ತಂಪುಗೊಳಿಸಬೇಕು. ಆಸ್ಪತ್ರೆಗೆ ಒಯ್ಯುವುದು ಅದರ ಬೆನ್ನಹಿಂದಿನ ಕೆಲಸ. ಇದಕ್ಕಾಗಿ ಮೂರು ಕಡೆ ತುಂಬಿದ ಕೊಳಗಗಳನ್ನು ಇರಿಸಿದೆವು. ಕುಡಿಯಲು ನೀರಲ್ಲದೆ, ಬಳಲಿದವರಿಗೆಂದು ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿದ ಪಾನೀಯವನ್ನೂ ಸಿದ್ಧಪಡಿಸಿದೆವು. ಎಲ್ಲಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು ಇಷ್ಟು: ಆರು ಗಂಟೆಗೆ ಓಟ ಹೊರಡಲೇಬೇಕು, ಏಳೂಕಾಲರೊಳಗೆ ಎಲ್ಲರೂ ನೆರಳಿನಲ್ಲಿರಬೇಕು. “ಮಿಕ್ಕ ಔಷಧಗಳೆಲ್ಲ ಇದರ ಮುಂದೆ ಸಣ್ಣವು” ಎಂದರು.

ಮೂರನೆಯ ಏರ್ಪಾಡನ್ನು ಇಂಗ್ಲೆಂಡಿನಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ತಿಳಿಸಿದರು. ಲಂಡನ್ನಿನ ಬುಶಿ ಪಾರ್ಕ್ ಎಂಬ ಉದ್ಯಾನದಲ್ಲಿ 2004ರ ಅಕ್ಟೋಬರ್ 2ರಂದು 13 ಮಂದಿಯಿಂದ ಆರಂಭವಾಗಿ, ಈಗ ಹಲವು ದೇಶಗಳಿಗೆ ಹಬ್ಬಿರುವ ಪಾರ್ಕ್‌ರನ್ ಎಂಬ ಉಚಿತ ಓಟವಿದೆ. ಅದೂ 5 ಕಿಲೋಮೀಟರಿನದೇ. ಅದರಲ್ಲಿ ಎಲ್ಲರ ಹಿಂದೆ ಬರುವುದಕ್ಕಾಗಿಯೇ ಸ್ವಯಂಸೇವಕನೊಬ್ಬನನ್ನು ನೇಮಿಸಿರುತ್ತಾರೆ. ಅವನಿರುವುದರಿಂದ ಓಡುವವರಲ್ಲಿ ಯಾರೊಬ್ಬರೂ ಕೊನೆಯವರಾಗುವುದಿಲ್ಲ. ಇದನ್ನು ಕೇಳಿದಾಗ ನನಗೆ ಪ್ರಸಾದನಿಲಯದ ಪಂಕ್ತಿ ನೆನಪಾಯಿತು. ಬಡಿಸುವವರು ಕೊನೆಯ ಪಂಕ್ತಿಯಲ್ಲಿ ಕೂರಬೇಕೆಂಬ ನಿಯಮದಲ್ಲಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರಿಯನ್ನು ಅಳೆದ ಸೈಕಲ್ಲಿನಲ್ಲಿಯೇ ಕೊನೆಯವರ ಹಿಂದೆ ಬರುವ ಕೆಲಸವನ್ನು ನಾನು ವಹಿಸಿಕೊಂಡೆನು.

ಆ ಬೆಳಿಗ್ಗೆ ನೂರಿಪ್ಪತ್ತಕ್ಕೂ ಹೆಚ್ಚು ಜನ ಕೂಡಿದರು. ನಿಲಯದ ಹುಡುಗರು, ಪ್ರೌಢಶಾಲೆಯ ಹೆಣ್ಣುಮಕ್ಕಳು, ಬ್ಯಾಂಕಿನ ನೌಕರರು, ರೈತರು, ಪಂಚೆಯನ್ನು ಮೇಲೆತ್ತಿ ಕಟ್ಟಿದ ಇಬ್ಬರು ಹಿರಿಯರು. ಐದು ಮುಕ್ಕಾಲಿಗೆ ಬರಬೇಕಾಗಿದ್ದ ಮುಖ್ಯ ಅತಿಥಿಗಳು ಆರಕ್ಕೂ ಬರಲಿಲ್ಲ. “ಇನ್ನು ಅರ್ಧ ಗಂಟೆಯಲ್ಲಿ ಬರುತ್ತಾರೆ” ಎಂದು ಅವರ ಕಡೆಯವರಿಂದ ಫೋನು ಬಂದಿತು. ಬನಿಯನ್ನುಗಳ ವೆಚ್ಚವನ್ನೆಲ್ಲ ಕೊಟ್ಟವರು ಅವರೇ. ಆಮಂತ್ರಣ ಪತ್ರಿಕೆಯಲ್ಲಿ ಬಾವುಟ ತೋರುವವರೆಂದು ಅವರ ಹೆಸರೇ ಅಚ್ಚಾಗಿತ್ತು. ಸಮಿತಿಯ ಕೆಲವರು ಕಾಯೋಣವೆಂದರು. ಮುಂದಿನ ವರ್ಷ ಅವರ ಸಹಾಯ ತಪ್ಪೀತೆಂಬ ಭಯ ಎಲ್ಲರಿಗೂ ಇತ್ತು. ಮೂಡಣ ದಿಕ್ಕು ಆಗಲೇ ಕೆಂಪೇರಿ ಬಿಳುಪಾಗತೊಡಗಿತ್ತು. ವೈದ್ಯರು ಗಡಿಯಾರವನ್ನು ನೋಡಿಕೊಂಡರು, ನನ್ನ ಮುಖವನ್ನು ನೋಡಿದರು. ನಾನು ಹೋಗಿ ಪೂಜ್ಯರಲ್ಲಿ ನಿವೇದಿಸಿಕೊಂಡೆನು.

ಪೂಜ್ಯರು ಕೇಳಿದ್ದು, “ಮಕ್ಕಳು ಏನಾದರೂ ತಿಂದಿದ್ದಾರೆಯೆ?”

“ಐದು ಗಂಟೆಗೆ ಒಂದೊಂದು ಬಾಳೆಹಣ್ಣು ಕೊಟ್ಟಿದ್ದೇವೆ, ಬುದ್ಧಿ.”

“ಹಾಗಾದರೆ ಹೊರಡಿಸಿ. ಹಸಿದವರನ್ನು ಬಿಸಿಲಲ್ಲಿ ಕಾಯಿಸುವುದು ಮಠದ ಪದ್ಧತಿಯಲ್ಲ. ಅತಿಥಿಗಳಿಗೆ ನಾವು ಹೇಳುತ್ತೇವೆ.”

ಬಾವುಟವು ಅತಿಥಿಗಳಿಗಾಗಿ ಮೇಜಿನ ಮೇಲೆಯೇ ಉಳಿಯಿತು. ಪ್ರಸಾದನಿಲಯದ ಗಂಟೆಯನ್ನು ತರಿಸಿ ಬಾರಿಸಿದೆವು. ಆರು ಗಂಟೆ ನಾಲ್ಕು ನಿಮಿಷಕ್ಕೆ ಓಟ ಹೊರಟಿತು. ಆ ಗಂಟೆಯ ಸದ್ದಿಗೆ ಹಿಂದೆ ನಾವು ತಟ್ಟೆ ಹಿಡಿದು ಓಡುತ್ತಿದ್ದ ವೇಗವನ್ನು ನೆನೆದು ಹಳೆಯ ವಿದ್ಯಾರ್ಥಿಗಳೆಲ್ಲ ನಕ್ಕರು.

ಗುಂಪು ಮುಂದೆ ಸಾಗಿದ ಮೇಲೆ ಹಿಂದುಳಿದವರು ಒಬ್ಬರೇ. ಪುರಸಭೆಯ ಪೌರಕಾರ್ಮಿಕರಾಗಿ ಆ ರಸ್ತೆಯನ್ನು ಗುಡಿಸುವ, ಐವತ್ತು ದಾಟಿದ ಹೆಣ್ಣುಮಗಳು. ನಸುಕಿನಲ್ಲಿ ಓಟದ ಆರಂಭಸ್ಥಳವನ್ನು ಗುಡಿಸಿ, ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳ ಶಾಲೆಯ ಬಿಳಿಯ ಕ್ಯಾನ್ವಾಸ್ ಬೂಟನ್ನು ತೊಟ್ಟು ಬಂದಿದ್ದರು. ಹೆಸರು ಬರೆಸುವಾಗ ಒಬ್ಬಿಬ್ಬರು ಮುಗುಳ್ನಕ್ಕದ್ದನ್ನು ಅವರು ಕಂಡಿದ್ದರೆಂದು ನನಗೆ ತೋರಿತು. ನೂರು ಹೆಜ್ಜೆ ಓಟ, ನೂರು ಹೆಜ್ಜೆ ನಡಿಗೆ. ಹೀಗೆ ಒಂದು ಲೆಕ್ಕವಿಟ್ಟುಕೊಂಡು ಸಾಗಿದ್ದರು.

“ದೂರ ಎಷ್ಟೆಂದು ಗೊತ್ತಲ್ಲವೇನವ್ವಾ?” ಎಂದೆ.

“ಊರೊಳಗಿನ ರಸ್ತೆ ಎಷ್ಟು ಉದ್ದ ಅಂತ ನನಗಿಂತ ಯಾರಿಗೆ ಗೊತ್ತು ಮೇಷ್ಟ್ರೇ? ದಿನಾ ಪೊರಕೇಲಿ ಅಳೀತೀನಿ. ಊರಾಚೆಗಿನದು ಇವತ್ತು ನೋಡ್ತೀನಿ” ಎಂದರು.

ಹೊಂಗೆಯ ಮರದ ಬಳಿ ಹುಡುಗರು ಲೋಟಗಳನ್ನು ಚೀಲಕ್ಕೆ ತುಂಬುತ್ತಿದ್ದವರು ನಮ್ಮನ್ನು ಕಂಡು ನಾಚಿ ಮತ್ತೆ ತೆಗೆದರು. ಆಕೆ ಒಂದು ಲೋಟ ಕುಡಿದು, ಒಂದನ್ನು ತಲೆಯ ಮೇಲೆ ಸುರಿದುಕೊಂಡು ತಿರುಗಿದರು. ಮರಳಿ ಬರುವಾಗ ಬಿಸಿಲು ಮುಖಕ್ಕೆ ಬಡಿಯತೊಡಗಿತು. ನಾಲ್ಕನೆಯ ಕಿಲೋಮೀಟರಿನ ಗುರುತಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟರು. ನಾನು ಮಾತನಾಡಿಸಿ ನೋಡಿದೆ. ಮಾತು ಸ್ಪಷ್ಟವಾಗಿತ್ತು, ಮೈ ಬೆವರಿತ್ತು. ಆಯಾಸವೇ ಹೊರತು ಅಪಾಯವಿರಲಿಲ್ಲ. “ಸಾಕೆನಿಸಿದರೆ ಸೈಕಲ್ ಹತ್ತಿರಿ, ಅದರಲ್ಲಿ ಕುಂದೇನೂ ಇಲ್ಲ” ಎಂದೆ. “ಹತ್ತಿದರೆ ಎಣಿಕೆ ತಪ್ಪುತ್ತೆ” ಎಂದಷ್ಟೇ ಹೇಳಿ ಮತ್ತೆ ಹೆಜ್ಜೆ ಹಾಕಿದರು.

ಊರಿನ ಬಾಗಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಕಾರಿನ ಹಾರ್ನ್ ಕೇಳಿಸಿತು. ಮುಖ್ಯ ಅತಿಥಿಗಳ ಕಾರು. ಅಲ್ಲಿ ರಸ್ತೆ ಕಿರಿದು. ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ಜಯಂತಿಯ ಚಪ್ಪರದ ಗಳುಗಳು. ನಾನು ಸೈಕಲ್ಲನ್ನು ನಡುವಿನಿಂದ ಸರಿಸಲಿಲ್ಲ. ಸರಿಸಿದ್ದರೆ ಆಕೆ ಚರಂಡಿಯ ಅಂಚಿಗೆ ಇಳಿಯಬೇಕಾಗುತ್ತಿತ್ತು. ಹಾರ್ನ್ ಇನ್ನೊಮ್ಮೆ ಮೊಳಗಿತು. ಅನಂತರ ಗಾಜು ಇಳಿದು, ಒಳಗಿನಿಂದ ಅತಿಥಿಗಳೇ ಚಾಲಕನಿಗೆ ಏನೋ ಹೇಳಿದ್ದು ಕಾಣಿಸಿತು. ಹಾರ್ನ್ ನಿಂತಿತು. ಮುಂದೆ ಆಕೆ, ಹಿಂದೆ ನನ್ನ ಸೈಕಲ್, ಅದರ ಹಿಂದೆ ನಡಿಗೆಯ ವೇಗದಲ್ಲಿ ಆ ಕಾರು. ಹೀಗೆ ನಾವು ಮಹಾದ್ವಾರವನ್ನು ತಲಪಿದಾಗ ಗಂಟೆ ಏಳಾಗಲು ಒಂದೆರಡು ನಿಮಿಷವಿತ್ತು.

ಅಲ್ಲಿ ಯಾರೂ ಚದರಿರಲಿಲ್ಲ. ಕೊನೆಯವರು ಬರುವ ತನಕ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯಕೂಡದೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದರಂತೆ. ಹಸಿವಿನ ಕಾರಣವೂ ಸ್ವಲ್ಪ ಸೇರಿ ಚಪ್ಪಾಳೆ ಬಹಳ ಜೋರಾಗಿಯೇ ಬಿದ್ದಿತು. ಅದೇ ಸಮಯಕ್ಕೆ ಕಾರಿನಿಂದಿಳಿದ ಅತಿಥಿಗಳು ಎರಡೂ ಕೈ ಜೋಡಿಸಿದರು. ಆ ಚಪ್ಪಾಳೆ ತಮಗೆಂದು ಕೈಮುಗಿದರೋ, ಆಕೆಗೆಂದು ಕೈಮುಗಿದರೋ, ನಾನು ವಿಚಾರಿಸಲು ಹೋಗಲಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಅವರು ಎಲ್ಲರೊಡನೆ ನೆಲದ ಮೇಲೆ ಕುಳಿತರು. ಮುಂದಿನ ವರ್ಷದ ಮಾತನ್ನು ತಾವಾಗಿಯೇ ಎತ್ತಿದರು. ಮುಗಿಸಿದೊಡನೆ ತಲೆಸುತ್ತಿ ಕುಳಿತ ಹುಡುಗನೊಬ್ಬನನ್ನು ವೈದ್ಯರು ನೆರಳಿನಲ್ಲಿ ಮಲಗಿಸಿ, ಕಾಲುಗಳನ್ನು ಎತ್ತರಿಸಿ ಚೇತರಿಸಿದ್ದರು. “ಅರ್ಧ ಗಂಟೆ ತಡವಾಗಿದ್ದರೆ ಇಂತಹವರು ಒಬ್ಬರಲ್ಲ, ಹತ್ತು ಮಂದಿ ಇರುತ್ತಿದ್ದರು” ಎಂದರು. ಬಿಸಿಲಿನಲ್ಲಿ ಓಡಿಸುವುದು ವಿವೇಕವೇ ಎಂದು ಕೇಳಿದವರಿಗೆ ಉತ್ತರ ಇದರಲ್ಲಿಯೇ ಇತ್ತು. ಓಟವು ಓಡುವವರ ಗಡಿಯಾರದಂತೆ ನಡೆದರೆ ವಿವೇಕ. ವೇದಿಕೆಯ ಗಡಿಯಾರದಂತೆ ನಡೆದರೆ ಅವಿವೇಕ.

ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು 12ನೆಯ ಶತಮಾನದ ಶರಣರು ತಮ್ಮಲ್ಲಿ ಒಬ್ಬಳೆಂದು ಎಣಿಸಿದರು. ಇದನ್ನು ನಾವು ವೇದಿಕೆಯಿಂದ ಪ್ರತಿವರ್ಷ ಹೇಳುತ್ತೇವೆ. ಹೇಳುವುದು ಸುಲಭ. ರಸ್ತೆಯನ್ನು ಗುಡಿಸಿದವರು ಅದೇ ರಸ್ತೆಯಲ್ಲಿ ಓಡಿ ಬರುವಾಗ, ಹಿಂದಿರುವ ಕಾರಿಗೆ ದಾರಿ ಬಿಡುವುದೋ ಮುಂದಿರುವ ಕಾಲಿಗೆ ದಾರಿ ಉಳಿಸುವುದೋ ಎಂಬುದು ಒಂದು ಕ್ಷಣದಲ್ಲಿ ಗೊತ್ತಾಗಬೇಕಾದ ಮಾತು. ಉಪನ್ಯಾಸದಲ್ಲಿ ಕೇಳಿದ್ದು ಎಷ್ಟು ಅರಗಿದೆಯೆಂಬುದು ಅಂತಹ ಕ್ಷಣದಲ್ಲಿಯೇ ತಿಳಿಯುವುದು.

ಬೇರೆ ಊರುಗಳ ಹಳೆಯ ವಿದ್ಯಾರ್ಥಿಗಳು ಇಂತಹ ಓಟವನ್ನು ನಡೆಸಬಯಸಿದರೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಒಂದು ಸೈಕಲ್ಲು, ಒಂದು ಉಕ್ಕಿನ ಟೇಪು, ನೀರಿನ ಕೊಳಗಗಳು, ಒಬ್ಬ ವೈದ್ಯರು, ಪೊಲೀಸರ ಅನುಮತಿ, ಒಂದು ಗಂಟೆ, ಇಷ್ಟು ಸಾಕು. ನಾವು ಮುಂದಿನ ಓಟಗಳಿಗೆಂದು ಎರಡು ನಿಯಮಗಳನ್ನು ಬರೆದು ಮಠದ ಕಚೇರಿಯ ಗೋಡೆಗೆ ಹಾಕಿದ್ದೇವೆ. ಒಂದು: ಗಂಟೆಯು ಆರಕ್ಕೆ ಬಾರಿಸುವುದು, ಯಾರು ಬಂದರೂ, ಬಾರದಿದ್ದರೂ. ಎರಡು: ಕೊನೆಯವರು ಬಂದು ಸೇರುವ ತನಕ ಚಪ್ಪರದ ಒಂದು ಗಳುವನ್ನೂ ಕೀಳುವಂತಿಲ್ಲ. ಪ್ರತಿದಿನ ಬೆಳಿಗ್ಗೆ ಅದೇ ಗೋಡೆಯ ಕೆಳಗೆ ಗುಡಿಸುತ್ತ ಬರುವ ಆ ತಾಯಿ, ಮಗಳಿಂದ ಆ ಹಲಗೆಯನ್ನು ಓದಿಸಿಕೊಂಡು, “ಮೇಷ್ಟ್ರೇ, ಮುಂದಿನ ಸಲ ಆ ಎರಡನೇದು ನನಗೆ ಬೇಕಾಗಲ್ಲ” ಎಂದರು.