ಸಿದ್ಧಪಾತ್ರಗಳು

ಕಥೆಗೆ ನಾಯಕನನ್ನು ಕಲ್ಪಿಸುವುದು ಅಷ್ಟೇನೂ ಕಷ್ಟವಲ್ಲ. ಅವನಿಗೆ ಬಾಗಿಲು ತೆರೆಯುವವನನ್ನು, ದಾರಿ ತೋರುವವನನ್ನು, ಸುಳ್ಳು ಹೇಳಿ ದಾರಿ ತಪ್ಪಿಸುವವನನ್ನು ಕಲ್ಪಿಸುವುದೇ ಕಷ್ಟ. ನಾಯಕನ ಬೆನ್ನಿಗೆ ಇಡಿಯ ಕಥೆ ಇರುತ್ತದೆ. ಬಾಗಿಲು ಕಾಯುವವನಿಗೆ ಇರುವುದು ಎರಡೇ ಮಾತು. ಆ ಎರಡು ಮಾತಿನಲ್ಲಿ ಅವನು ಮನುಷ್ಯನೆನಿಸಿಕೊಳ್ಳಬೇಕು. ಈ ವಿಚಾರ ನಮಗೆ ಹೊಳೆದದ್ದು ಕಾವ್ಯಮೀಮಾಂಸೆಯ ಗ್ರಂಥಗಳಿಂದಲ್ಲ. ಶನಿವಾರದ ಮಧ್ಯಾಹ್ನಗಳಲ್ಲಿ ಏಳನೆಯ ತರಗತಿಯ ಮಕ್ಕಳೊಡನೆ ನಾವು ಆಡಿಸುವ ಒಂದು ಆಟದಿಂದ.

ಆಟದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುತ್ತ ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ. ಕೈಗೊಂಡ ಕಾರ್ಯ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಇವರೆಲ್ಲರಾಚೆ ಆಟವನ್ನು ಆಡಿಸುವವನೊಬ್ಬನಿರುತ್ತಾನೆ. ಆಟಗಾರರ ಪಾಲಿಗೆ ಬಾರದೆ ಉಳಿದ ಸಮಸ್ತ ಜನರೂ ಅವನ ಹೊಣೆ: ಕಾವಲುಗಾರ, ಅಂಗಡಿಯವನು, ಅಂಬಿಗ, ಮುದುಕಿ, ರಾಕ್ಷಸ. ಒಂದು ಸಂಜೆಗೆ ಇಪ್ಪತ್ತು ಮುಖಗಳನ್ನು ಒಬ್ಬನೇ ಹೊರಬೇಕಾದ ಕಾರಣ, ಮೊದಲೇ ಮಾಡಿಟ್ಟ ಪಾತ್ರಗಳ ಪುಸ್ತಕಗಳಿಗೆ ಬೇಡಿಕೆ ಹುಟ್ಟಿತು. 1980ರಲ್ಲಿ ಬಂದ 'ರೋಗ್ಸ್ ಗ್ಯಾಲರಿ' ಅಂಥ ಒಂದು ಪುಸ್ತಕ. ಅದರಲ್ಲಿ ಬಹುಪಾಲು ಅಂಕಿಗಳೇ: ಬಲ ಇಷ್ಟು, ಬುದ್ಧಿ ಇಷ್ಟು, ಆಯುಷ್ಯ ಇಷ್ಟು. ನಮ್ಮ ಹಾಜರಿ ಪುಸ್ತಕವನ್ನು ಅದು ನೆನಪಿಗೆ ತರುತ್ತದೆಯೆಂದರೆ ಅಧ್ಯಾಪಕ ಮಿತ್ರರು ಕ್ಷಮಿಸಬೇಕು.

ಇದೆಲ್ಲ ಪರದೇಶದ ಸರಕು, ತಾಳವಾಡಿಯ ಮಕ್ಕಳಿಗೆ ಏತಕ್ಕೆ ಎಂದು ಕೆಲವರು ಆಕ್ಷೇಪಿಸಬಹುದು. ನಮಗೇನೋ ಅದು ಪರದೇಶದ್ದೆಂದು ತೋರಲಿಲ್ಲ. ಈರೋಡು ಜಿಲ್ಲೆಯ ಈ ಬೆಟ್ಟಸಾಲಿನ ಕನ್ನಡಿಗರಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರಲ್ಲಿ ತಾಳಮದ್ದಳೆಯೆಂಬ ಕಲೆಯಿದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಒಬ್ಬರು ಕೃಷ್ಣನಾಗಿ ಇನ್ನೊಬ್ಬರು ಕೌರವನಾಗಿ ಮಾತಿಗೆ ಮಾತು ಕೊಡುತ್ತಾರೆ. ಪ್ರಸಂಗದಲ್ಲಿ ಬರೆದಿರುವುದು ಭಾಗವತರು ಹಾಡುವ ಪದ್ಯಗಳು ಮಾತ್ರ. ಅರ್ಥವೆಲ್ಲ ಆಶುವಾಗಿ ಹುಟ್ಟತಕ್ಕದ್ದು. ಕುಳಿತು ಆಡುವ ಆಟಕ್ಕೆ ಇದಕ್ಕಿಂತ ಹತ್ತಿರದ ಬಂಧುವನ್ನು ನಾವು ಕಾಣೆವು. ವ್ಯತ್ಯಾಸವೊಂದೇ: ತಾಳಮದ್ದಳೆಯಲ್ಲಿ ಕೊನೆಗೆ ಗೆಲ್ಲುವವರಾರೆಂದು ಎಲ್ಲರಿಗೂ ಗೊತ್ತು, ಈ ಆಟದಲ್ಲಿ ದಾಳಕ್ಕೂ ಗೊತ್ತಿಲ್ಲ.

ಸಿದ್ಧಪಾತ್ರಗಳ ವಿಷಯಕ್ಕೆ ಬಂದರೆ ನಮ್ಮ ಸೀಮೆಯ ಬಯಲಾಟವೇ ಗುರು. ಮೈಸೂರು, ಚಾಮರಾಜನಗರದ ಕಡೆಯ ಮೂಡಲಪಾಯದಲ್ಲಿ ಯಾವ ರಾಜ ರಂಗಕ್ಕೆ ಬಂದರೂ ಸಾರಥಿಯೊಬ್ಬ ಎದುರು ನಿಂತು ವಿಚಾರಿಸುತ್ತಾನೆ: ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು? ಪ್ರಸಂಗ ಯಾವುದೇ ಇರಲಿ, ಸಾರಥಿ ಇದ್ದೇ ಇರುತ್ತಾನೆ. ಹನುಮನಾಯಕನೂ ಹಾಗೆಯೇ. ಕರಾವಳಿಯ ಯಕ್ಷಗಾನದ ಹಾಸ್ಯಗಾರನಂತೂ ಒಂದೇ ರಾತ್ರಿಯಲ್ಲಿ ದೂತನಾಗಿ, ಬ್ರಾಹ್ಮಣನಾಗಿ, ಬಾಗಿಲ ಭಟನಾಗಿ ಬರುತ್ತಾನೆ; ಆಟವಾಡಿಸುವವನ ಕಷ್ಟವನ್ನು ಬಲ್ಲವನು ಅವನೇ. ಇಂಥ ಪಾತ್ರಗಳನ್ನು ಕೀಳೆಂದೆಣಿಸುವುದು ವಿದ್ಯಾವಂತರ ಅಭ್ಯಾಸ. ನಾಟಕ ಕಂಪನಿ ಕಟ್ಟಿ ಆಳಿದ ಗುಬ್ಬಿ ವೀರಣ್ಣನವರು ಹೆಸರಾದದ್ದು ಹಾಸ್ಯಪಾತ್ರಗಳಿಂದ. ನಮ್ಮ ನೆರೆಯ ಗಾಜನೂರಿನ ರಾಜಕುಮಾರ್ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗುವ ಮೊದಲು ಅದೇ ಕಂಪನಿಯಲ್ಲಿ ಸಣ್ಣಪುಟ್ಟ ವೇಷಗಳನ್ನು ಹಾಕಿದವರು.

ಈ ಸಣ್ಣ ಪಾತ್ರಗಳ ದೊಡ್ಡ ಉಪಕಾರವೊಂದನ್ನು ನಾವು ಇತ್ತೀಚೆಗೆ ಗಮನಿಸಿದೆವು. ಬಯಲಾಟದಲ್ಲಿ ರಾಜನ ಮಾತು ಗ್ರಂಥಸ್ಥ ಕನ್ನಡ. ಊರಿನ ಮಾತು ರಂಗದ ಮೇಲೆ ಬದುಕಿ ಉಳಿದದ್ದು ಹಾಸ್ಯಗಾರನ ಬಾಯಲ್ಲಿ. ನಮ್ಮ ಮಕ್ಕಳಲ್ಲಿಯೂ ಹಾಗೆಯೇ ನಡೆಯುತ್ತದೆ. ವೀರನ ಪಾತ್ರ ವಹಿಸಿದವನು 'ಎಲೈ ದ್ವಾರಪಾಲಕನೇ' ಎಂದು ಪಠ್ಯಪುಸ್ತಕದ ಸ್ವರದಲ್ಲಿ ಆರಂಭಿಸುತ್ತಾನೆ. ನಾವು ಚೀಟಿ ನೋಡಿ ಕಾವಲುಗಾರನಾಗಿ 'ಯಾಕ ಬಂದ್ರಿ? ಈ ಹೊತ್ನಲ್ಲಿ ಎಲ್ಲಿಗ?' ಎಂದೊಡನೆ ತರಗತಿ ನಗುತ್ತದೆ, ವೀರನ ಗ್ರಂಥಭಾಷೆ ಕಳಚಿಬೀಳುತ್ತದೆ. 2006ರ ಕಾಯಿದೆಯ ತರುವಾಯ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ ವಿಷಯ. ಪೇಟೆಯ ವ್ಯವಹಾರಕ್ಕೂ ಅದು ಬೇಕು. ಅದನ್ನು ಮಕ್ಕಳು ಕಲಿಯಲಿ, ಸಂತೋಷ. ಕನ್ನಡ ಮಾತ್ರ ಪರೀಕ್ಷೆಗೆ ಬರೆಯುವ ಭಾಷೆಯಾಗಿಯಷ್ಟೇ ನಿಂತುಬಿಟ್ಟರೆ ಗತಿಯೇನು? ಮನೆಯ ಮಾತಿಗೆ ಶಾಲೆಯ ಒಳಗೆ ಬರಲು ಒಂದು ಬಾಗಿಲು ಬೇಕು, ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದರೂ ಚಿಂತೆಯಿಲ್ಲ.

ಆ ಕಾವಲುಗಾರನ ಚೀಟಿಯನ್ನು ಮಕ್ಕಳೇ ತಿದ್ದಿದರು. ಮೂಲ ಪುಸ್ತಕದಲ್ಲಿ ಅವನು ಕೋಟೆಯ ಬಾಗಿಲಲ್ಲಿ ಈಟಿ ಹಿಡಿದು ನಿಂತವನು. ಈಗ ಅವನಿರುವುದು ಬಣ್ಣಾರಿಯ ಚೆಕ್‌ಪೋಸ್ಟಿನಲ್ಲಿ. ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರಿಂದ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಿರುವುದು ಇಲ್ಲಿಯ ಎಲ್ಲ ಮಕ್ಕಳಿಗೂ ಗೊತ್ತು. ಹೊತ್ತು ಮೀರಿ ಬಂದ ವೀರರು ಅವನನ್ನು ಒಲಿಸಬೇಕು. ಅವನು ಕೆಟ್ಟವನಲ್ಲ, ಬಿಟ್ಟರೆ ಕೆಲಸ ಹೋದೀತೆಂಬ ಭಯ, ತಡೆದರೆ ಗಾಡಿಯಲ್ಲಿ ರೋಗಿ ಇದ್ದಾನೆಂಬ ಅಳುಕು. ಈ ಎರಡನ್ನು ಬರೆದ ಮೇಲೆ ಅವನ ಬಲಕ್ಕೆ ಎಷ್ಟು ಅಂಕಿ ಎಂದು ಯಾರೂ ಕೇಳಲಿಲ್ಲ.

ಸಿದ್ಧಪಾತ್ರಗಳಲ್ಲಿ ಅಪಾಯವೂ ಉಂಟು. ಕೊಂಡುತಂದ ಕಟ್ಟಿನಲ್ಲಿ 'ಕಾಡಿನ ಮನುಷ್ಯ' ಎಂಬ ಚೀಟಿಯೊಂದಿತ್ತು: ವಿಷದ ಬಾಣ, ತೊದಲು ಭಾಷೆ, ಅಪರಿಚಿತರನ್ನು ಕಂಡರೆ ಆಕ್ರಮಣ. ಅದನ್ನು ಬಳಸುವುದೋ ಬೇಡವೋ ಎಂದು ಮಕ್ಕಳನ್ನೇ ಕೇಳಿದೆವು. ಸೋಲಿಗರ ಹಾಡಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, 'ಸಾರ್, ಇವನ ಹಾಡಿ ಯಾವುದು? ಇವನ ಕುಲ ಯಾವುದು?' ಎಂದಳು. ಅದು ಸಾರಥಿಯ ಪ್ರಶ್ನೆಯೇ. ಚೀಟಿಯಲ್ಲಿ ಉತ್ತರವಿರಲಿಲ್ಲ. ಸೋಲಿಗರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು, ಕಾಡಿನ ಜೇನಿನ ಋತುವನ್ನು ಅವರಷ್ಟು ಬಲ್ಲವರಿಲ್ಲ; ಅಂಥವರ ಮಗಳ ಎದುರಿಗೆ ತೊದಲುವ ಕಾಡುಮನುಷ್ಯನನ್ನು ಆಡಿ ತೋರಿಸುವ ಮೇಷ್ಟ್ರು ಎಂಥವನಾದಾನು! ಚೀಟಿ ಹರಿದೆವು. ಅವಳು ಹೊಸದನ್ನು ಬರೆದಳು: ಜೇನು ಬಿಚ್ಚುವ ಮುದುಕ, ದಾರಿ ಬಲ್ಲ, ಆದರೆ ಕೇಳಿದೊಡನೆ ಹೇಳುವವನಲ್ಲ, ಮೊದಲು ಕುಳಿತು ಎಲೆ ಅಡಿಕೆ ಹಾಕಿಕೊಳ್ಳಬೇಕು. ಆಟದಲ್ಲಿ ಅವಸರದ ವೀರರು ಎಷ್ಟೋ ಸಲ ಅವನನ್ನು ದಾಟಿಹೋಗಿ ದಾರಿ ತಪ್ಪಿದ್ದಾರೆ.

ದುಷ್ಟನಿಗಾಗಿ ಮಕ್ಕಳು ಹೊರಗೆ ಹುಡುಕಬೇಕಾಗಲಿಲ್ಲ. ದೀಪಾವಳಿ ಮುಗಿದೊಡನೆ ಪಕ್ಕದ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬದಲ್ಲಿ, ಸಗಣಿಯೆರಚಾಟಕ್ಕೆ ಮೊದಲು, ಹುಲ್ಲಿನ ಮೀಸೆ ಗಡ್ಡ ಕಟ್ಟಿಸಿ ಕತ್ತೆಯ ಮೇಲೆ ಮೆರೆಸುವ ಚಾಡಿಕೋರ ಅವರಿಗೆ ತೊಟ್ಟಿಲಿಂದ ಪರಿಚಿತ. ಅವನಿಗಿಂತ ಸಿದ್ಧವಾದ ಪಾತ್ರ ಯಾವ ಅಚ್ಚಿನ ಪುಸ್ತಕದಲ್ಲಿದ್ದೀತು? ಕತ್ತಿಯಿಲ್ಲ, ಮಂತ್ರವಿಲ್ಲ. ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಮುಟ್ಟಿಸಿ ವೀರರ ತಂಡವನ್ನೇ ಒಡೆದುಬಿಡುತ್ತಾನೆ. ಕಳೆದ ಶನಿವಾರ ಮಂತ್ರವಾದಿಯೂ ಕಳ್ಳನೂ ಅವನ ದೆಸೆಯಿಂದ ಮಾತು ಬಿಟ್ಟರು; ಗಂಟೆ ಬಾರಿಸಿದ ಮೇಲೂ ರಾಜಿಯಾಗಲಿಲ್ಲ.

ಈಗ ಪೆಟ್ಟಿಗೆಯಲ್ಲಿ ಮೂವತ್ತೊಂದು ಚೀಟಿಗಳಿವೆ. ಕಂಸಾಳೆಯವನದು ಅರ್ಧ ಬರೆದು ನಿಂತಿದೆ. ಅವನು ಮಲೆ ಮಹದೇಶ್ವರನ ಕಥೆಯನ್ನು ಹಾಡುತ್ತ ಊರೂರು ತಿರುಗುವವನಾದ್ದರಿಂದ ಎಲ್ಲರ ಸುದ್ದಿಯೂ ಅವನಿಗೆ ಗೊತ್ತಿರಬೇಕೆಂದು ಒಂದು ಗುಂಪು. ಗೊತ್ತಿದ್ದರೂ ಹೇಳಕೂಡದು, ಹೇಳಿದರೆ ಚಾಡಿಕೋರನಿಗೂ ಅವನಿಗೂ ಭೇದವೇನೆಂದು ಇನ್ನೊಂದು ಗುಂಪು. ಮುಂದಿನ ಶನಿವಾರಕ್ಕೆ ಮುಂದೂಡಿದ್ದೇವೆ.